ಆಶ್ರಮಕ್ಕೆ ಒಪ್ಪಿಸಿದ ವೃದ್ಧರು ಅಲಕ್ಷ್ಯಕ್ಕೆ ಒಳಗಾದರೆ ನ್ಯಾಯವನ್ನು ಕೇಳುವ ವಿಧ

ಈ ತಿಂಗಳಿನ ಪಾಠವು ಕೇಳುವದಕ್ಕೆ ಇಂಪಾದದ್ದಲ್ಲ; ಆದರೂ ಈಗಿನ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಅವಶ್ಯವಾದದ್ದು. ಹಿಂದೆ ಕಾರಟಗಿಯ ಸುತ್ತುಮುತ್ತಲಿನ ಊರುಗಳಲ್ಲಿ ಮುದುಕರನ್ನು ಮನೆಯಿಂದ ಹೊರಗೆ ಇಡುವ ಮಾತೇ ಇರಲಿಲ್ಲ. ಈಗಲಾದರೋ ಯೌವನಸ್ಥರು ಕೆಲಸಕ್ಕೋಸ್ಕರ ಬೆಂಗಳೂರಿಗೆ ಹೋಗುತ್ತಾರೆ. ಊರಲ್ಲಿ ಉಳಿದವರು ನಾಟಿಯ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಗದ್ದೆಯನ್ನೂ ಅಕ್ಕಿಯ ಗಿರಣಿಯನ್ನೂ ಬಿಟ್ಟು ಬರಲಾರರು. ಆದದರಿಂದ ಹಾಸಿಗೆ ಹಿಡಿದ ತಂದೆತಾಯಿಗಳನ್ನು ಪಟ್ಟಣದ ವೃದ್ಧಾಶ್ರಮಕ್ಕಾಗಲಿ ನರ್ಸಿಂಗ್ ಹೋಮ್ ಎಂಬ ಖಾಸಗಿ ದವಾಖಾನೆಗಾಗಲಿ ಒಪ್ಪಿಸುವ ಕುಟುಂಬಗಳು ಹೆಚ್ಚಾಗುತ್ತಲಿವೆ. ಹಾಗೆ ಒಪ್ಪಿಸುವದೇ ಪಾಪವೆಂದು ನಾನು ಹೇಳುವದಿಲ್ಲ. ಒಪ್ಪಿಸಿದ ಮೇಲೆ ಅಲ್ಲಿ ಅವರು ಅಲಕ್ಷ್ಯಕ್ಕೆ ಒಳಗಾದರೆ ನಾವು ಮಾಡತಕ್ಕದ್ದೇನು ಎಂಬದೇ ಈ ಪಾಠದ ವಿಷಯ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ನನ್ನ ಸೋದರತ್ತೆಯು ವಿಧವೆ, ಮಕ್ಕಳಿಲ್ಲದವಳು. ನಾಲ್ವತ್ತು ವರುಷ ಪರರ ಗದ್ದೆಗಳಲ್ಲಿ ಸಸಿ ನೆಟ್ಟು, ಬೆನ್ನು ಬಾಗಿ, ಕೊನೆಗೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬನ್ನು ಮುರಿದುಕೊಂಡಳು. ನಾವು ಮೂವರು ಅಳಿಯಂದಿರು ಮಾತಾಡಿಕೊಂಡು ಆಕೆಯನ್ನು ಒಂದು ಪಟ್ಟಣದಲ್ಲಿ ಹಣ ತೆಗೆದುಕೊಂಡು ನೋಡಿಕೊಳ್ಳುವ ಆಶ್ರಮಕ್ಕೆ ಒಪ್ಪಿಸಿದೆವು. ಮೊದಲು ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದೆವು. ಅನಂತರ ಕಾಲುವೆಗೆ ನೀರು ಬಂತು, ನಾಟಿ ಬಂತು. ಹನ್ನೊಂದು ವಾರ ಯಾರೂ ಹೋಗಲಿಲ್ಲ. ನಾನು ಹೋದ ದಿನ ಆಕೆಯ ನಾಲಿಗೆಯು ಒಣಗಿತ್ತು, ಬೆನ್ನಿನ ಕೆಳಗೆ ಅಂಗೈ ಅಗಲದ ಹುಣ್ಣು ಇತ್ತು, ಹಿಮ್ಮಡಿಗಳು ಕಪ್ಪಾಗಿದ್ದವು. ನೋಡಿಕೊಳ್ಳುವವನು, ವಯಸ್ಸಾದ ಮೈ ಹೀಗೆಯೇ, ಅಂದನು. ಸರಕಾರಿ ದವಾಖಾನೆಗೆ ತಂದೆವು. ಹತ್ತೊಂಭತ್ತನೆಯ ದಿನ ಆಕೆಯು ತೀರಿಕೊಂಡಳು.

ನಾವು ಸಿಟ್ಟಿನಿಂದ ಒಬ್ಬ ವಕೀಲರ ಬಳಿಗೆ ಹೋದೆವು. ಆತನು ತಾಳ್ಮೆಯಿಂದ ಕೇಳಿ ಐದು ಪ್ರಶ್ನೆಗಳನ್ನು ಮಾಡಿದನು. ಕರಾರಿನ ಕಾಗದ ಉಂಟೋ? ಹಣ ಕೊಟ್ಟದ್ದಕ್ಕೆ ರಸೀದಿ ಉಂಟೋ? ಒಪ್ಪಿಸಿದ ದಿನ ಆಕೆಯ ಮೈ ಹೇಗಿತ್ತೆಂದು ವೈದ್ಯರು ಬರೆದದ್ದು ಉಂಟೋ? ಹುಣ್ಣನ್ನು ಕಂಡ ದಿನ ಭಾವಚಿತ್ರ ತೆಗೆದಿರೋ? ಅದಕ್ಕೆ ಮುಂಚೆ ನೀವು ಕಡೆಯದಾಗಿ ಹೋಗಿ ನೋಡಿದ್ದು ಯಾವಾಗ? ಮೊದಲಿನ ನಾಲ್ಕು ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಐದನೆಯದಕ್ಕೆ ಮಾತ್ರ ಉತ್ತರವಿತ್ತು. ಆ ಉತ್ತರವೋ ನಮಗೇ ವಿರೋಧವಾಗಿತ್ತು. ನಾವು ಸುಮ್ಮನೆ ಎದ್ದು ಬಂದೆವು. ಆ ಆಶ್ರಮದ ಹೆಸರನ್ನು ಇಲ್ಲಿ ಬರೆಯುವದಿಲ್ಲ. ಯಾಕಂದರೆ ರುಜುವಾತು ಮಾಡಲಾರದ ದೂರನ್ನು ಹೆಸರು ಹಿಡಿದು ಹೇಳುವದು ನ್ಯಾಯವಲ್ಲ. ಆ ವಕೀಲರ ಐದು ಪ್ರಶ್ನೆಗಳು ನಿಮ್ಮಲ್ಲಿ ಯಾರ ಬಾಯನ್ನೂ ಮುಚ್ಚಿಸಬಾರದೆಂದೇ ಇದನ್ನು ಬರೆಯುತ್ತೇನೆ.

1. ಅಲಕ್ಷ್ಯವೆಂದರೇನು?

ಮುದುಕರು ಸಾಯುವದು ಅಲಕ್ಷ್ಯವಲ್ಲ. ಮೈ ಸೊರಗುವದೂ ನೆನಪು ಹೋಗುವದೂ ಅಲಕ್ಷ್ಯವಲ್ಲ. ಬಹಳ ದಿನ ಮಲಗಿದವರಿಗೆ ಒಳ್ಳೇ ಆರೈಕೆಯಿದ್ದರೂ ಕೆಲವು ಸಾರಿ ಹಾಸಿಗೆಹುಣ್ಣು ಆಗಬಹುದು. ಆದರೆ ಎದ್ದು ಹೊರಳಲಾರದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಒದ್ದೆಯಾದ ಬಟ್ಟೆಯನ್ನು ಕೂಡಲೇ ತೆಗೆಯಬೇಕು, ನೀರು ಕುಡಿಸಬೇಕು, ಚರ್ಮವು ಕೆಂಪಾದಾಗಲೇ ನೋಡಿ ವೈದ್ಯರಿಗೆ ತಿಳಿಸಬೇಕು. ಇದು ಶುಶ್ರೂಷೆ ಮಾಡುವವರೆಲ್ಲರೂ ಬಲ್ಲ ಪಾಠ. ಇದನ್ನು ಮಾಡುತ್ತೇವೆಂದು ಹಣ ತೆಗೆದುಕೊಂಡು ಮಾಡದೆ ಇರುವದು, ಹುಣ್ಣನ್ನು ವೈದ್ಯರಿಗೆ ತೋರಿಸದೆ ಇರುವದು, ಮನೆಯವರಿಂದ ಮರೆಮಾಡುವದು, ಇವೇ ಅಲಕ್ಷ್ಯ.

ಆದದರಿಂದ ನೋಡಲು ಹೋದಾಗ ಮುಖವನ್ನು ಮಾತ್ರ ನೋಡಿ ಬರಬಾರದು. ಬೆನ್ನಿನ ಕೆಳಭಾಗವನ್ನೂ ಸೊಂಟದ ಎರಡು ಪಕ್ಕಗಳನ್ನೂ ಹಿಮ್ಮಡಿಗಳನ್ನೂ ನೋಡಬೇಕು. ನಾಲಿಗೆ ಒಣಗಿದೆಯೋ, ಮೈ ತೂಕ ಬೇಗನೆ ಇಳಿದಿದೆಯೋ, ಉಗುರುಗಳು ಬೆಳೆದಿವೆಯೋ, ಕಾರಣ ತಿಳಿಯದ ಬಾವು ಇಲ್ಲವೆ ಕಪ್ಪು ಗುರುತುಗಳು ಉಂಟೋ, ಹಗಲೆಲ್ಲಾ ಮಂಪರಿನಲ್ಲಿ ಇರುತ್ತಾರೋ, ಯಾರಾದರೂ ಹತ್ತಿರ ಬಂದರೆ ಬೆದರುತ್ತಾರೋ, ಇವುಗಳನ್ನು ಗಮನಿಸತಕ್ಕದ್ದು.

2. ನ್ಯಾಯಸ್ಥಾನಕ್ಕೆ ಹೋಗುವದು ನಮಗೆ ಯುಕ್ತವೋ?

ನಮ್ಮ ಸಭೆಗಳಲ್ಲಿ ಅನೇಕರು ಇಲ್ಲಿಯೇ ತಡೆಯುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಸಹೋದರನ ಮೇಲೆ ಸಹೋದರನು ವ್ಯಾಜ್ಯ ಹೂಡುವದನ್ನು ಗದರಿಸಿದ್ದಾನಲ್ಲಾ, ಎಂದು ಅವರು ಹೇಳುತ್ತಾರೆ. ಆದರೆ ಯೋಚಿಸಿ ನೋಡಿರಿ. ನನ್ನ ನಷ್ಟವನ್ನು ನಾನು ತಾಳಿಕೊಳ್ಳುವದು ದೊಡ್ಡ ಗುಣ. ಮಾತಾಡಲಾರದ ಮುದುಕಿಯ ನಷ್ಟವನ್ನು ಆಕೆಯ ಪರವಾಗಿ ನಾನು ತಾಳಿಕೊಂಡೆನೆಂದು ಹೇಳುವದು ಗುಣವಲ್ಲ. ಅದು ಪರರ ಗಂಟಿನಿಂದ ದಾನ ಮಾಡಿದ ಹಾಗೆ. ಅದೇ ಪೌಲನು ಕೈಸರನ ನ್ಯಾಯಸ್ಥಾನಕ್ಕೆ ಅಪೀಲು ಮಾಡಿದ್ದನ್ನೂ ನಾವು ಓದುತ್ತೇವೆ. ಇದಲ್ಲದೆ ಒಬ್ಬರ ಅಲಕ್ಷ್ಯವನ್ನು ಮುಚ್ಚಿದರೆ ಅದೇ ಸಾಲಿನ ಮುಂದಿನ ಹಾಸಿಗೆಯಲ್ಲಿ ಮಲಗಿದವರಿಗೂ ಅದೇ ಗತಿಯಾಗುವದು. ಸೇಡು ತೀರಿಸುವದಕ್ಕೆ ಹೋಗುವದು ಬೇರೆ, ಜೀವವನ್ನು ಕಾಯುವದಕ್ಕೆ ಹೋಗುವದು ಬೇರೆ.

3. ಮೊದಲು ಆಳನ್ನು ಕಾಪಾಡಿರಿ

ಅಲಕ್ಷ್ಯವನ್ನು ಕಂಡ ಕೂಡಲೇ ಜಗಳಕ್ಕೆ ನಿಲ್ಲಬಾರದು. ಮೊದಲನೆಯ ಕೆಲಸವೇನಂದರೆ ಅವರನ್ನು ಸರಕಾರಿ ದವಾಖಾನೆಗೆ ತರುವದು. ಆಶ್ರಮದವರು ಬಿಡದಿದ್ದರೆ 112ಕ್ಕೆ ಫೋನು ಮಾಡಿ ಪೊಲೀಸರನ್ನು ಕರೆಯಿರಿ. ಹಿರಿಯ ನಾಗರಿಕರಿಗೋಸ್ಕರ 14567 ಎಂಬ ಸಹಾಯವಾಣಿಯೂ ಉಂಟು. ದವಾಖಾನೆಯಲ್ಲಿ ವೈದ್ಯರಿಗೆ, ಇವರು ಇಂಥ ಸ್ಥಳದಲ್ಲಿದ್ದರು, ಇಂಥ ದಿನ ಈ ಸ್ಥಿತಿಯಲ್ಲಿ ಕಂಡೆವು, ಎಂದು ಸ್ಪಷ್ಟವಾಗಿ ಹೇಳಿ, ಹುಣ್ಣಿನ ಅಳತೆಯನ್ನೂ ಆಳವನ್ನೂ ಬರೆಯುವಂತೆ ಕೇಳಿಕೊಳ್ಳಬೇಕು. ಗಾಯವು ಪರರ ತಪ್ಪಿನಿಂದ ಆದದ್ದೆಂದು ಸಂಶಯವಿದ್ದರೆ ವೈದ್ಯರು ಅದನ್ನು ಪೊಲೀಸರಿಗೆ ತಿಳಿಸತಕ್ಕ ಪ್ರಕರಣವಾಗಿ ದಾಖಲೆ ಮಾಡುವರು.

ಮರಣವೇ ಸಂಭವಿಸಿ ಸಂಶಯವಿದ್ದರೆ ಹೂಳುವದಕ್ಕೆ ಮುಂಚೆ ಪೊಲೀಸರಿಗೆ ಬರಹದಿಂದ ತಿಳಿಸಿ ಮರಣೋತ್ತರ ಪರೀಕ್ಷೆಯನ್ನು ಕೇಳಿರಿ. ನಾವು ಹೂಳುವ ಜನರಾದದರಿಂದ ಬೇಗನೆ ಪ್ರಾರ್ಥನೆ ಮಾಡಿ ಮಣ್ಣು ಮಾಡಿಬಿಡುವ ವಾಡಿಕೆ ನಮ್ಮಲ್ಲುಂಟು. ಹೂಳಿದ ಶವವನ್ನು ತೆಗೆಯುವದಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಅಷ್ಟರಲ್ಲಿ ಸಾಕ್ಷಿಯು ಮಣ್ಣಾಗಿ ಹೋಗಿರುವದು.

4. ಎರಡನೆಯದಾಗಿ ಬರೆದಿಡಿರಿ

ನ್ಯಾಯಸ್ಥಾನವು ಕಣ್ಣೀರನ್ನು ನೋಡಿ ತೀರ್ಪು ಕೊಡುವದಿಲ್ಲ. ಕಾಗದವನ್ನೂ ಸಾಕ್ಷಿಯನ್ನೂ ನೋಡಿ ಕೊಡುವದು. ಆದದರಿಂದ ಒಂದು ಸಾದಾ ನೋಟುಪುಸ್ತಕವನ್ನು ಇಟ್ಟುಕೊಂಡು, ಹೋದ ದಿನ, ಹೋದ ತಾಸು, ಕಂಡದ್ದು, ಯಾರು ಏನು ಉತ್ತರ ಕೊಟ್ಟರೆಂಬದು, ಇಷ್ಟನ್ನು ಪ್ರತಿ ಸಾರಿ ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗುವಿನಿಂದ ಬರೆಸಬಹುದು. ಹಣವನ್ನು ಕೈಯಿಂದ ಕೊಡದೆ ಬ್ಯಾಂಕಿನ ಮೂಲಕ ಕೊಡಿರಿ. ಕೈಯಿಂದ ಕೊಟ್ಟರೆ ರಸೀದಿಯನ್ನು ಬಿಡಬೇಡಿರಿ. ಗಾಯದ ಭಾವಚಿತ್ರವನ್ನು ಫೋನಿನಲ್ಲಿ ತೆಗೆದರೆ ಅದೇ ಫೋನನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಯಾಕಂದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಫೋನಿನಲ್ಲಿರುವ ಚಿತ್ರದ ಪ್ರತಿಯನ್ನು ಸಾಕ್ಷಿಯಾಗಿ ಹಾಜರುಪಡಿಸುವಾಗ ಅದರ ಸಂಗಡ ಒಂದು ಪ್ರಮಾಣಪತ್ರವೂ ಬೇಕಾಗುವದು.

ನರ್ಸಿಂಗ್ ಹೋಮಿನಲ್ಲಿ ವೈದ್ಯರು ಚಿಕಿತ್ಸೆ ಮಾಡಿದ್ದರೆ ಆ ದಾಖಲೆಗಳ ಪ್ರತಿಯನ್ನು ಕೇಳುವ ಹಕ್ಕು ರೋಗಿಗೂ ಆತನ ಪರವಾಗಿ ಅಧಿಕಾರ ಹೊಂದಿದವರಿಗೂ ಉಂಟು. ವೈದ್ಯರ ನಡತೆಯ ವಿಷಯವಾದ 2002ರ ನಿಯಮಗಳ ಪ್ರಕಾರ ಕೇಳಿದ 72 ತಾಸುಗಳೊಳಗೆ ಕೊಡಬೇಕು. ಬರಹದಿಂದ ಕೇಳಿ, ಕೇಳಿದ ಕಾಗದದ ಪ್ರತಿಯ ಮೇಲೆ ಸಹಿ ಮಾಡಿಸಿಕೊಳ್ಳಿರಿ.

5. ಮೂರನೆಯದಾಗಿ ತಕ್ಕ ಬಾಗಿಲನ್ನು ತಟ್ಟಿರಿ

ಗದ್ದೆಗೆ ನೀರು ಬೇಕಾದವನು ಗಿರಣಿಯ ಬಾಗಿಲಲ್ಲಿ ನಿಂತು ಕೂಗುವದಿಲ್ಲ. ತೂಬಿನ ಹತ್ತಿರ ಹೋಗುತ್ತಾನೆ. ಹಾಗೆಯೇ ಒಂದೊಂದು ವಿಧವಾದ ದೂರಿಗೆ ಒಂದೊಂದು ಬಾಗಿಲುಂಟು.

ಮೊದಲನೆಯದು ಜಿಲ್ಲೆಯ ಅಧಿಕಾರಿಗಳ ಬಾಗಿಲು. ವೃದ್ಧಾಶ್ರಮದ ಮೇಲಿನ ದೂರನ್ನು ಕೊಪ್ಪಳದಲ್ಲಿ ಜಿಲ್ಲಾಧಿಕಾರಿಗಳಿಗೂ, ಅಂಗವಿಕಲರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೂ ಬರಹದಿಂದ ಕೊಡಬಹುದು. ದೂರು ಖಾಸಗಿ ನರ್ಸಿಂಗ್ ಹೋಮಿನ ಮೇಲಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯು ಅನ್ವಯಿಸುವದು. ಅದರ ಪ್ರಕಾರ ಇಂಥ ಸಂಸ್ಥೆಗಳು ನೋಂದಣಿ ಮಾಡಿಸಿಕೊಳ್ಳಲೇಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವು ದೂರನ್ನು ವಿಚಾರಿಸುವದು. ಈ ಬಾಗಿಲಿನ ಪ್ರಯೋಜನವೇನಂದರೆ ಅಧಿಕಾರಿಗಳು ಸ್ಥಳಕ್ಕೆ ಬಂದು ಉಳಿದ ಹಾಸಿಗೆಗಳನ್ನೂ ನೋಡುವರು.

ಎರಡನೆಯದು ಪೊಲೀಸರ ಬಾಗಿಲು. 2024ನೆಯ ಜುಲೈ 1ರಿಂದ ಹಳೇ ದಂಡಸಂಹಿತೆಯ ಬದಲಾಗಿ ಭಾರತೀಯ ನ್ಯಾಯ ಸಂಹಿತೆಯು ಜಾರಿಯಲ್ಲಿದೆ. ಅಜಾಗ್ರತೆಯಿಂದ ಮರಣವನ್ನುಂಟುಮಾಡಿದರೆ ಅದರ 106ನೆಯ ಕಲಮಿನ ಪ್ರಕಾರ 5 ವರುಷಗಳ ವರೆಗೆ ಸೆರೆ; ನೋಂದಾಯಿತ ವೈದ್ಯನು ಚಿಕಿತ್ಸೆಯ ಕ್ರಿಯೆಯಲ್ಲಿ ಹೀಗೆ ಮಾಡಿದರೆ 2 ವರುಷಗಳ ವರೆಗೆ. ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗ್ರತೆಯಿಂದ ನಡೆಯುವದಕ್ಕೆ 125ನೆಯ ಕಲಮು, ಕಟ್ಟಿಹಾಕಿ ಇಲ್ಲವೆ ಕೂಡಿಹಾಕಿ ಇಡುವದಕ್ಕೆ 127ನೆಯ ಕಲಮು ಉಂಟು. ಇವುಗಳಿಗಿಂತ ಹೆಚ್ಚಾಗಿ ನಮ್ಮ ವಿಷಯಕ್ಕೆ ಹೊಂದುವದು 357ನೆಯ ಕಲಮು. ರೋಗದಿಂದಾಗಲಿ ಶರೀರದ ಬಲಹೀನತೆಯಿಂದಾಗಲಿ ತನ್ನನ್ನು ತಾನೇ ನೋಡಿಕೊಳ್ಳಲಾರದವರ ಆರೈಕೆಯನ್ನು ಕರಾರಿನಿಂದ ಒಪ್ಪಿಕೊಂಡವನು ಬೇಕೆಂದು ಆ ಆರೈಕೆಯನ್ನು ಬಿಟ್ಟರೆ ಅವನಿಗೆ 3 ತಿಂಗಳ ವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ. 1860ರ ಸಂಹಿತೆಯಲ್ಲಿಯೂ ಇದು 491ನೆಯ ಕಲಮಾಗಿ ಇತ್ತು. ಆದರೆ ಇಲ್ಲಿ ಎರಡು ಸಂಗತಿಗಳನ್ನು ನೆನಪಿಡತಕ್ಕದ್ದು: ಕರಾರು ಇತ್ತೆಂದು ತೋರಿಸಬೇಕು, ಮತ್ತು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ಈ ಅಪರಾಧದ ತನಿಖೆಯನ್ನು ನಡಿಸಕೂಡದು. ವೈದ್ಯನ ಮೇಲಿನ ದೂರಾದರೆ ಸಾಧಾರಣ ತಪ್ಪು ಸಾಲದು, ಘೋರವಾದ ಅಲಕ್ಷ್ಯವೇ ಬೇಕೆಂದೂ, ಬೇರೆ ವೈದ್ಯರ ಅಭಿಪ್ರಾಯವನ್ನು ಪಡೆಯಬೇಕೆಂದೂ ಸುಪ್ರೀಂ ಕೋರ್ಟು 2005ರಲ್ಲಿ ತೀರ್ಮಾನಿಸಿತು.

ಆಶ್ರಮವು ಬೇರೆ ಜಿಲ್ಲೆಯಲ್ಲಿದ್ದರೂ ಗಂಭೀರವಾದ ಅಪರಾಧದ ದೂರನ್ನು ನಿಮ್ಮ ಸಮೀಪದ ಠಾಣೆಯಲ್ಲಿಯೇ ಕೊಡಬಹುದು. ಹೊಸ ಪ್ರಕ್ರಿಯಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಸರಹದ್ದು ತಮ್ಮದಲ್ಲವೆಂಬ ಕಾರಣದಿಂದ ಪೊಲೀಸರು ಅದನ್ನು ನಿರಾಕರಿಸಕೂಡದು.

ಮೂರನೆಯದು ಗ್ರಾಹಕರ ಆಯೋಗದ ಬಾಗಿಲು. ಹಣ ಕೊಟ್ಟು ಪಡೆದ ವೈದ್ಯಸೇವೆಯು ಗ್ರಾಹಕರ ಕಾಯಿದೆಗೆ ಒಳಪಟ್ಟದ್ದೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಕೆಲವರಿಂದ ಹಣ ತೆಗೆದುಕೊಂಡು ಬಡವರನ್ನು ಉಚಿತವಾಗಿ ನೋಡುವ ದವಾಖಾನೆಯಲ್ಲಿ ಆ ಬಡವರಿಗೂ ಈ ಹಕ್ಕು ಉಂಟೆಂದು ಅದೇ ತೀರ್ಪು ಹೇಳುವದು. ಆದರೆ ಎಲ್ಲರನ್ನೂ ಉಚಿತವಾಗಿ ನೋಡುವ ಸಂಸ್ಥೆಯು ಇದರೊಳಗೆ ಬರುವದಿಲ್ಲ. 2019ರ ಕಾಯಿದೆಯ ಪ್ರಕಾರ ದೂರಿನ ಕಾರಣ ಹುಟ್ಟಿದ 2 ವರುಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬೇಕು. ನೀವು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು. ಕೊಟ್ಟ ಹಣವು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ. ಈ ಬಾಗಿಲಿನಲ್ಲಿ ಸಿಕ್ಕುವದು ಸೆರೆಯಲ್ಲ, ಪರಿಹಾರ. 1915 ಎಂಬದು ಗ್ರಾಹಕರ ಸಹಾಯವಾಣಿ.

ನಾಲ್ಕನೆಯದು ಹೈಕೋರ್ಟಿನ ಬಾಗಿಲು. ಒಪ್ಪಿಸಿದ ಮನುಷ್ಯನನ್ನು ತೋರಿಸದೆ ಮರೆಮಾಡಿದರೆ, ಆತನನ್ನು ತಂದು ಮುಂದೆ ನಿಲ್ಲಿಸಬೇಕೆಂದು ಹೈಕೋರ್ಟನ್ನು ಕೇಳಿಕೊಳ್ಳಬಹುದು. ಇದಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು ಹೆಸರು. ಕೊಪ್ಪಳ ಜಿಲ್ಲೆಯವರಿಗೆ ಹೈಕೋರ್ಟಿನ ಪೀಠವು ಧಾರವಾಡದಲ್ಲಿದೆ.

ಈ ಬಾಗಿಲುಗಳನ್ನು ತಟ್ಟುವದಕ್ಕೆ ಹಣವಿಲ್ಲವೆಂದು ಹಿಂಜರಿಯಬೇಡಿರಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೂ ಅಂಗವಿಕಲರಿಗೂ ವರಮಾನ ಎಷ್ಟೇ ಇದ್ದರೂ, ಇತರರಿಗೆ ವರಮಾನ ಕಡಿಮೆಯಿದ್ದರೆ, ಉಚಿತವಾಗಿ ವಕೀಲರ ಸಹಾಯ ದೊರೆಯುವದು. ಗಂಗಾವತಿಯ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿರಿ. ಇಲ್ಲವೆ 15100ಕ್ಕೆ ಫೋನು ಮಾಡಿರಿ.

6. ಒಬ್ಬರು ಕೇಳಿದ್ದರಿಂದ ಆದದ್ದು

ಕೇಳುವದರಿಂದ ಏನು ಪ್ರಯೋಜನ ಎನ್ನುವವರಿಗೆ ನಮ್ಮ ನೆರೆಯ ತಮಿಳುನಾಡಿನ ಒಂದು ಸಂಗತಿಯನ್ನು ಹೇಳುತ್ತೇನೆ. ವಿಳುಪ್ಪುರಂ ಜಿಲ್ಲೆಯಲ್ಲಿ ಅನ್ಬು ಜೋತಿ ಆಶ್ರಮವೆಂಬದೊಂದು ಇತ್ತು. 2021ರ ಕೊನೆಯಲ್ಲಿ ಒಬ್ಬ ವೃದ್ಧರನ್ನು ಅಲ್ಲಿಗೆ ಸೇರಿಸಿದ್ದರು. ಅನಂತರ ಅವರನ್ನು ನೋಡಬೇಕೆಂದು ಹೋದಾಗ ಅವರು ಅಲ್ಲಿರಲಿಲ್ಲ. ಬೆಂಗಳೂರಿನ ಬೇರೊಂದು ಆಶ್ರಮಕ್ಕೆ ಕಳುಹಿಸಿದೆವೆಂದು ಉತ್ತರ ಬಂತು. ಅಲ್ಲಿಯೂ ಅವರು ಸಿಕ್ಕಲಿಲ್ಲ. ಬಂಧುವಿನ ಕಡೆಯವರು ಸುಮ್ಮನಾಗದೆ ಮದ್ರಾಸ್ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಕೊಟ್ಟರು. ಅದರಿಂದ 2023ನೆಯ ಫೆಬ್ರವರಿಯಲ್ಲಿ ಅಧಿಕಾರಿಗಳು ಆ ಆಶ್ರಮವನ್ನು ಹೊಕ್ಕು ನೋಡಿದರು. ತಕ್ಕ ಪರವಾನಗಿಯಿಲ್ಲದೆ ಅದು ನಡೆಯುತ್ತಿದ್ದದ್ದು ಕಂಡುಬಂತು. ಅಲ್ಲಿದ್ದವರನ್ನು ಹಿಂಸಿಸಿದರೆಂಬ ಆರೋಪಗಳ ಮೇಲೆ ನಡಿಸುವವರನ್ನು ಬಂಧಿಸಿ, ತನಿಖೆಯನ್ನು ಅಪರಾಧ ವಿಭಾಗದ ಪೊಲೀಸರಿಗೆ ಒಪ್ಪಿಸಿದರು. ನೂರನಾಲ್ವತ್ತಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಹೊರಗೆ ತಂದರು.

ನೋಡಿರಿ, ಅರ್ಜಿಯು ಒಬ್ಬರ ವಿಷಯವಾಗಿತ್ತು. ಬಾಗಿಲು ತೆರೆದದ್ದು ನೂರಾರು ಜನರಿಗೆ. ಅವರಲ್ಲಿ ಅನೇಕರ ವಿಷಯದಲ್ಲಿ ಕೇಳುವವರೇ ಇರಲಿಲ್ಲ. ಕೇಳುವವರಿಲ್ಲದ ಕಡೆಯಲ್ಲಿಯೇ ಅಲಕ್ಷ್ಯವು ಬೇರೂರುವದು.

7. ಕಾನೂನಿನ ಇನ್ನೊಂದು ಅಲಗು

ಇಲ್ಲಿಯ ವರೆಗೆ ಆಶ್ರಮದವರ ತಪ್ಪನ್ನು ಹೇಳಿದೆನು. ಕಾನೂನಿಗಾದರೋ ಎರಡು ಅಲಗುಗಳುಂಟು. ಇನ್ನೊಂದು ನಮ್ಮ ಕಡೆಗೆ ತಿರುಗಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ವಿಷಯವಾದ 2007ರ ಕಾಯಿದೆಯ 24ನೆಯ ಕಲಮಿನ ಪ್ರಕಾರ, ಹಿರಿಯರ ಆರೈಕೆಯ ಹೊಣೆಯುಳ್ಳವನು ಅವರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಬಂದರೆ ಅವನಿಗೆ 3 ತಿಂಗಳ ವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಬಿಟ್ಟ ಸ್ಥಳವು ದವಾಖಾನೆಯಾದರೂ ತಪ್ಪು ತಪ್ಪೇ. 2025ನೆಯ ಮಾರ್ಚಿನಲ್ಲಿ ನಮ್ಮ ರಾಜ್ಯದ ವೈದ್ಯಕೀಯ ಶಿಕ್ಷಣ ಮಂತ್ರಿಗಳಾದ ಶರಣಪ್ರಕಾಶ ಪಾಟೀಲರು, ಬೆಳಗಾವಿಯ ಸರಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲಿಯೇ ಮಕ್ಕಳು ಹೀಗೆ ಬಿಟ್ಟುಹೋದ ಹಿರಿಯರ ಪ್ರಕರಣಗಳು 150ಕ್ಕೂ ಹೆಚ್ಚೆಂದು ತಿಳಿಸಿ, ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ರದ್ದುಮಾಡಿಸುವ ಕ್ರಮವನ್ನು ನಡಿಸಬೇಕೆಂದು ಅಧಿಕಾರಿಗಳಿಗೆ ಹೇಳಿದರು.

ತಮ್ಮ ಸಂಪಾದನೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ತಂದೆತಾಯಿಗಳೂ 60 ವರುಷ ತುಂಬಿದ ಹಿರಿಯರೂ ಈ ಕಾಯಿದೆಯ ಪ್ರಕಾರ ಜೀವನಾಂಶವನ್ನು ಕೇಳಬಹುದು. ಮಗನು ಮಾತ್ರವಲ್ಲ, ಮಗಳು, ಮೊಮ್ಮಗ, ಮೊಮ್ಮಗಳು, ಇವರೆಲ್ಲರೂ ಪ್ರಾಯಕ್ಕೆ ಬಂದವರಾದರೆ ಹೊಣೆಗಾರರು. ಮಕ್ಕಳಿಲ್ಲದವರ ಆಸ್ತಿಯನ್ನು ಅನುಭವಿಸುವ ಇಲ್ಲವೆ ಬಾಧ್ಯತೆಯಾಗಿ ಹೊಂದಲಿರುವ ಬಂಧುವೂ ಹೊಣೆಗಾರನು. ಇದನ್ನು ಓದಿದಾಗ ನನ್ನ ಮನಸ್ಸು ಕುಗ್ಗಿತು. ಯಾಕಂದರೆ ಸೋದರತ್ತೆಯ ಅರ್ಧ ಎಕರೆಯನ್ನು ಪಾಲು ಮಾಡಿಕೊಂಡವರು ನಾವೇ.

ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಡಬೇಕು; ನಮಗೆ ಅದು ಕೊಪ್ಪಳದಲ್ಲಿದೆ. ನಡೆಯಲಾರದ ವೃದ್ಧರ ಪರವಾಗಿ ಅವರು ಒಪ್ಪಿದ ಬೇರೊಬ್ಬರೂ ನೋಂದಾಯಿತ ಸಂಘವೂ ಕೊಡಬಹುದು. ವಕೀಲರು ಇಲ್ಲದೆಯೂ ನಡಿಸಬಹುದು. ಎದುರಿನವರಿಗೆ ನೋಟೀಸು ಮುಟ್ಟಿದ 90 ದಿನಗಳೊಳಗೆ ತೀರ್ಮಾನವಾಗಬೇಕೆಂದೂ, ತಕ್ಕ ಕಾರಣವಿದ್ದರೆ ಇನ್ನು 30 ದಿನ ಕೊಡಬಹುದೆಂದೂ ಕಾಯಿದೆಯು ಹೇಳುವದು. ತಿಂಗಳಿಗೆ 10,000 ರೂಪಾಯಿಯ ವರೆಗೆ ಗೊತ್ತುಮಾಡಬಹುದು. ತೀರ್ಪಿನಿಂದ ತೃಪ್ತರಾಗದ ಹಿರಿಯರು 60 ದಿನಗಳೊಳಗೆ ಮೇಲ್ಮನವಿಯನ್ನು ಕೊಡಬಹುದು.

ಮೈಸೂರಿನ ಕಡೆಯ ಒಬ್ಬ ತಾಯಿಯು, ಎಂಭತ್ತು ದಾಟಿದವಳು, ಮಗಳ ಮನೆಯಲ್ಲಿದ್ದು ಇಬ್ಬರು ಗಂಡುಮಕ್ಕಳಿಂದ ಜೀವನಾಂಶವನ್ನು ಕೇಳಿದಳು. 2019ರಲ್ಲಿ ಉಪವಿಭಾಗಾಧಿಕಾರಿಗಳು ತಲಾ 5,000 ರೂಪಾಯಿ ಕೊಡಬೇಕೆಂದರು. ಜಿಲ್ಲಾಧಿಕಾರಿಗಳು ಅದನ್ನು ತಲಾ 10,000ಕ್ಕೆ ಏರಿಸಿದರು. ಕೊಡುವ ಶಕ್ತಿಯಿಲ್ಲ, ತಾಯಿಯನ್ನು ನಾವೇ ಇಟ್ಟುಕೊಳ್ಳುತ್ತೇವೆ, ಎಂದು ಮಕ್ಕಳು ಹೈಕೋರ್ಟಿಗೆ ಹೋದರು. 2023ರಲ್ಲಿ ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ಹೆಂಡತಿಯನ್ನು ಸಾಕುವದು ಶಕ್ತನಾದ ಗಂಡಸಿನ ಕರ್ತವ್ಯವಾದರೆ ತಾಯಿಯನ್ನು ಸಾಕುವದೂ ಹಾಗೆಯೇ ಎಂಬದು ಆ ತೀರ್ಪಿನ ತಾತ್ಪರ್ಯ.

ಹೊಲಮನೆಯ ವಿಷಯವಾಗಿ ಒಂದು ಎಚ್ಚರಿಕೆ. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನಪತ್ರದಿಂದ ಬರೆದುಕೊಟ್ಟಿದ್ದು, ಪಡೆದವನು ಹಾಗೆ ನೋಡಿಕೊಳ್ಳದಿದ್ದರೆ, 23ನೆಯ ಕಲಮಿನ ಪ್ರಕಾರ ಅದನ್ನು ರದ್ದುಮಾಡಿಸಬಹುದು. ಆ ಷರತ್ತು ಇತ್ತೆಂಬದನ್ನು ಸ್ಥಾಪಿಸಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟು ಈ ಕಾಯಿದೆಯನ್ನು ಹಿರಿಯರ ಹಿತಕ್ಕೆ ತಕ್ಕಂತೆ ಉದಾರವಾಗಿ ಅರ್ಥಮಾಡಬೇಕೆಂದಿತು. ಆದದರಿಂದ ಬರೆದುಕೊಡುವ ಹಿರಿಯರು ಆ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸತಕ್ಕದ್ದು.

8. ಒಪ್ಪಿಸುವದಕ್ಕೆ ಮುಂಚೆ

ಕಡೆಯದಾಗಿ, ವ್ಯಾಜ್ಯವು ಬೇಡವೆನ್ನುವವರು ಒಪ್ಪಿಸುವ ದಿನವೇ ಜಾಗ್ರತೆಯಾಗಿರಬೇಕು. ಸಂಸ್ಥೆಯ ನೋಂದಣಿಯ ಪತ್ರವನ್ನು ತೋರಿಸೆಂದು ಕೇಳಿರಿ. ರಾತ್ರಿಯಲ್ಲಿ ಎಷ್ಟು ಜನರನ್ನು ಎಷ್ಟು ಮಂದಿ ನೋಡುತ್ತಾರೆ, ವೈದ್ಯರು ಯಾವಾಗ ಬರುತ್ತಾರೆ, ಕಾಯಿಲೆಯಾದರೆ ಯಾವ ದವಾಖಾನೆಗೆ ಒಯ್ಯುತ್ತಾರೆ, ಎಂಬದನ್ನು ವಿಚಾರಿಸಿರಿ. ಮಾಡುವ ಆರೈಕೆಯನ್ನೂ ಕೊಡುವ ಹಣವನ್ನೂ ಕಾಗದದ ಮೇಲೆ ಬರೆಸಿ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಸರಕಾರಿ ವೈದ್ಯರಿಂದ ಮೈಯನ್ನು ಪರೀಕ್ಷೆ ಮಾಡಿಸಿ ತೂಕವನ್ನು ಬರೆಸಿರಿ. ಹೇಳದೆ ಬಂದು ನೋಡುವದಕ್ಕೆ ಒಪ್ಪದ ಸ್ಥಳದಲ್ಲಿ ಯಾರನ್ನೂ ಬಿಡಬೇಡಿರಿ.

ಸಭೆಯ ಹಿರಿಯರಿಗೂ ಒಂದು ಮಾತು. ನಮ್ಮ ಸಭೆಯಿಂದ ಆಶ್ರಮಗಳಲ್ಲಿಯೂ ದವಾಖಾನೆಗಳಲ್ಲಿಯೂ ಇರುವ ವೃದ್ಧರ ಹೆಸರುಗಳನ್ನು ಬರೆದು, ಯಾವ ವಾರ ಯಾರು ಹೋಗಿ ನೋಡಬೇಕೆಂದು ಗೊತ್ತುಮಾಡಿರಿ. ನಾಟಿಯ ಕಾಲದಲ್ಲಿ ಒಂದು ಮನೆಯವರಿಗೆ ಬಿಡುವಿಲ್ಲದಿದ್ದರೆ ಇನ್ನೊಂದು ಮನೆಯವರು ಹೋಗಲಿ. ಬಂದು ನೋಡುವವರಿದ್ದಾರೆಂದು ತಿಳಿದ ಕಡೆಯಲ್ಲಿ ನೀರಿನ ಲೋಟವು ತಾನೇ ಹಾಸಿಗೆಯ ಹತ್ತಿರ ಬರುವದು.

ನನ್ನ ಸೋದರತ್ತೆಯ ವಿಷಯದಲ್ಲಿ ನ್ಯಾಯಸ್ಥಾನವು ಏನೂ ಹೇಳಲಿಲ್ಲ. ಯಾಕಂದರೆ ಕೇಳುವದಕ್ಕೆ ಬೇಕಾದದ್ದನ್ನು ನಾವು ಕೂಡಿಸಿರಲಿಲ್ಲ. ಆ ಹನ್ನೊಂದು ವಾರಗಳನ್ನು ಯಾವ ಕೋರ್ಟೂ ನನಗೆ ತಿರಿಗಿ ಕೊಡಲಾರದು. ನಿಮ್ಮ ಮನೆಯ ಹಿರಿಯರಾದರೋ ಇನ್ನೂ ಜೀವದಿಂದಿದ್ದಾರೆ. ಈ ವಾರ ಹೋಗಿ ನೋಡಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ವಯಸ್ಸಿನ ಬಲಹೀನತೆಗೂ ಅಲಕ್ಷ್ಯಕ್ಕೂ ಇರುವ ಭೇದವೇನು? ನೋಡಲು ಹೋದಾಗ ಯಾವ ಗುರುತುಗಳನ್ನು ಗಮನಿಸಬೇಕು?
2. ನನ್ನ ನಷ್ಟವನ್ನು ತಾಳುವದಕ್ಕೂ ಬೇರೊಬ್ಬರ ನಷ್ಟವನ್ನು ಅವರ ಪರವಾಗಿ ತಾಳುವದಕ್ಕೂ ವ್ಯತ್ಯಾಸವೇನು?
3. ಅಲಕ್ಷ್ಯವನ್ನು ಕಂಡ ದಿನವೇ ಮಾಡತಕ್ಕ ಕೆಲಸಗಳು ಯಾವವು? ಮರಣವಾದರೆ ಹೂಳುವದಕ್ಕೆ ಮುಂಚೆ ಮಾಡತಕ್ಕದ್ದೇನು?
4. ನಾಲ್ಕು ಬಾಗಿಲುಗಳು ಯಾವವು? ಯಾವ ದೂರಿಗೆ ಯಾವ ಬಾಗಿಲು?
5. ವಕೀಲರ ಐದು ಪ್ರಶ್ನೆಗಳನ್ನು ನಿಮ್ಮ ಮನೆಯವರಿಗೆ ಕೇಳಿದರೆ ನಿಮ್ಮ ಉತ್ತರವೇನು?
6. ನಮ್ಮ ಸಭೆಯ ಯಾವ ವೃದ್ಧರನ್ನು ಈ ತಿಂಗಳು ಯಾರೂ ಹೋಗಿ ನೋಡಿಲ್ಲ?